ಹೊಗೆಯೂ ಹೇತುವೂ

ಸಂಸ್ಕೃತ ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಿದವರಿಗೆ ಬೆಟ್ಟ, ಹೊಗೆ, ಬೆಂಕಿ ಈ ಮೂರೂ ಚಿರಪರಿಚಿತವಾದುವು. ಕಂಡ ಹೊಗೆಯಿಂದ ಕಾಣದ ಬೆಂಕಿಯನ್ನು ಊಹಿಸುವುದೇ ಅನುಮಾನಪ್ರಮಾಣದ ಮೊದಲ ಪಾಠ. ಆ ಪಾಠವು ಮೋಟಾರು ಗಾಡಿಯ ವಿಷಯದಲ್ಲಿಯೂ ಸಲ್ಲುವುದೆಂಬುದನ್ನು ಕಳೆದ ವರ್ಷ ಕಣ್ಣಾರೆ ಕಂಡೆನು. ನಾನು ಯಂತ್ರವಿದ್ಯೆಯನ್ನು ಬಲ್ಲವನಲ್ಲ. ಕಂಡುದನ್ನು ವಾಚಕರಲ್ಲಿ ಅರಿಕೆಮಾಡುವುದಷ್ಟೇ ನನ್ನ ಉದ್ದೇಶ.

ನನ್ನ ತಮ್ಮನ ಮಗನು ಬಹುಕಾಲ ಕೂಡಿಟ್ಟ ಹಣದಿಂದ, ವೇಗಕ್ಕೆ ಹೆಸರಾದ ಪೆಟ್ರೋಲು ಕಾರೊಂದನ್ನು ಕೊಂಡನು. ನಾಲ್ಕು ಸಿಲಿಂಡರಿನ ಟರ್ಬೋ ಎಂಜಿನ್. ಹತ್ತು ವರ್ಷ ಪರರ ಕೈಯಲ್ಲಿ ಓಡಿದುದು. ಹೆದ್ದಾರಿಯಲ್ಲಿ ಅದರ ಓಟವು ನಿರ್ದುಷ್ಟ. ನಿಲ್ಲಿಸಿದೊಡನೆ ಮಾತ್ರ ನಡುಕ. ನಿಮಿಷಕ್ಕೆ ಸುಮಾರು 800 ಸುತ್ತು ಸಮನಾಗಿ ತಿರುಗಬೇಕಾದ ಎಂಜಿನ್ 500ಕ್ಕೆ ಇಳಿದು, 1,000ಕ್ಕೆ ಏರಿ, ಕಡೆಗೆ ಸುಮ್ಮನಾಗುವುದು. ಆಗುಂಬೆಯ ಘಾಟಿಯನ್ನಿಳಿಯುವಾಗ, ಒಂದು ತಿರುವಿನಲ್ಲಿ ಕ್ಲಚ್ಚನ್ನು ಒತ್ತಿದೊಡನೆ, ಹಾಗೆಯೇ ಎಂಜಿನ್ ಆರಿಹೋಯಿತು. ನಾನು ಪಕ್ಕದಲ್ಲಿದ್ದೆನು. ಎಂಜಿನ್ ಆರಿದರೆ ಸ್ಟಿಯರಿಂಗು ಭಾರವಾಗುತ್ತದೆ. ಬ್ರೇಕಿಗೆ ನೆರವಾಗುವ ನಿರ್ವಾತವು ಕೆಲವೇ ಸಲ ಒತ್ತುವಷ್ಟರಲ್ಲಿ ತೀರುತ್ತದೆ. ದೈವಕೃಪೆಯಿಂದ ಮೊದಲನೆಯ ಒತ್ತಿನಲ್ಲಿಯೇ ಗಾಡಿ ನಿಂತಿತು. ಅಂದಿನಿಂದ ಅವನ ಹೆಂಡತಿಯು ಮಗುವಿನೊಡನೆ ಆ ಕಾರನ್ನು ಹತ್ತಲೊಪ್ಪಲಿಲ್ಲ.

ಪಟ್ಟಣದ ಒಂದು ಗ್ಯಾರೇಜಿನವರು ಸ್ಕ್ಯಾನರನ್ನು ಹಚ್ಚಿ ನೋಡಿದರು. ಪಿ 0171 ಎಂಬ ಸಂಕೇತ ಬಂದಿತು. ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆಯೆಂದು ಅದರ ತಾತ್ಪರ್ಯ. ಪಂಪು, ಇಂಜೆಕ್ಟರು, ಥ್ರಾಟಲ್ ಬಾಡಿ ಮೂರನ್ನೂ ಬದಲಿಸತಕ್ಕದ್ದೆಂದು ಅವರು ತೀರ್ಮಾನಿಸಿದರು. ಹುಡುಗನು ಸಾಲಕ್ಕೆ ಹೊರಟನು. ಆದರೆ ಸಂಕೇತವು ಲಿಂಗವೇ ಹೊರತು ಕಾರಣವಲ್ಲ. ಪಂಪು ಸೋತರೂ ಅದೇ ಸಂಕೇತ, ಹೋಸು ಸೀಳಿದರೂ ಅದೇ. ಹಲವಕ್ಕೆ ಸಾಧಾರಣವಾದ ಗುರುತಿನಿಂದ ಒಂದನ್ನೇ ನಿಶ್ಚಯಿಸುವ ಹೇತುವನ್ನು ತಾರ್ಕಿಕರು ಸವ್ಯಭಿಚಾರವೆಂದು ಕರೆದು ಹೇತ್ವಾಭಾಸಗಳಲ್ಲಿ ಸೇರಿಸಿದ್ದಾರೆ.

ನಮ್ಮೂರಿನಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಚಿಕ್ಕ ಗ್ಯಾರೇಜನ್ನು ಇಟ್ಟುಕೊಂಡಿದ್ದಾನೆ. “ಪಾರ್ಟು ಹಾಕೋದು ಆಮೇಲೆ ಮೇಷ್ಟ್ರೇ, ತಪ್ಪು ಎಲ್ಲಿದೆ ಅಂತ ಮೊದಲು ನೋಡೋಣ” ಎಂದನು. ಮೂರನೆಯ ಸಿಲಿಂಡರು ಆಗಾಗ ಉರಿ ತಪ್ಪುತ್ತಿದ್ದಿತು. ಅದರ ಕಾಯಿಲನ್ನು ಒಂದನೆಯದಕ್ಕೂ, ಒಂದನೆಯದರದನ್ನು ಇದಕ್ಕೂ ಹಾಕಿದನು. ದೋಷವು ಕಾಯಿಲಿನೊಡನೆ ಹೋಗದೆ ಮೂರನೆಯದರಲ್ಲಿಯೇ ಉಳಿಯಿತು. ಆದಕಾರಣ ಕಾಯಿಲು ನಿರಪರಾಧಿ. ಪ್ಲಗ್ಗಿನಲ್ಲಿಯೂ ಹೀಗೆಯೇ. ಅನ್ವಯವ್ಯತಿರೇಕವೆಂದರೆ ಇದೇ ಅಲ್ಲವೆ?

ಬಳಿಕ ಲೆಕ್ಕವನ್ನು ನೋಡಿದನು. ಎಂಜಿನ್ ಮೆಲ್ಲಗೆ ತಿರುಗುವಾಗ ಕಂಪ್ಯೂಟರು ವಾಡಿಕೆಗಿಂತ ನೂರಕ್ಕೆ 22ರಷ್ಟು ಹೆಚ್ಚಿಗೆ ಪೆಟ್ರೋಲನ್ನು ಸುರಿಯುತ್ತಿದ್ದಿತು. 2,500 ಸುತ್ತಿನಲ್ಲಿ ಕೇವಲ 4. ಪಂಪು ದುರ್ಬಲವಾಗಿದ್ದರೆ ವೇಗ ಏರಿದಂತೆ ಕೊರತೆಯೂ ಏರಬೇಕು. ಇಲ್ಲಿ ಇಳಿಯಿತು. ಅಳತೆಯ ಸೆನ್ಸರನ್ನು ತಪ್ಪಿಸಿ ಎಲ್ಲಿಯೋ ಗಾಳಿ ನುಸುಳುತ್ತಿದೆಯೆಂದು ಅರ್ಥ. ಎಂಜಿನ್ ಮೆಲ್ಲಗಿದ್ದಾಗ ಅದು ಸೇವಿಸುವ ಗಾಳಿಯೇ ಸ್ವಲ್ಪ. ಸಣ್ಣ ಬಿರುಕೂ ಆಗ ದೊಡ್ಡ ಪಾಲನ್ನು ಕದಿಯುತ್ತದೆ. ಓಟದಲ್ಲಿ ಅದು ಲೆಕ್ಕಕ್ಕಿಲ್ಲ.

ಕಡೆಗೆ ಗಾಳಿಯ ದಾರಿಯೊಳಗೆ ಮಂದವಾದ ಒತ್ತಡದಲ್ಲಿ ಹೊಗೆಯನ್ನು ತುಂಬಿದನು. ಮ್ಯಾನಿಫೋಲ್ಡಿನ ಅಡಿಯಲ್ಲಿ, ಮೂರನೆಯ ಸಿಲಿಂಡರಿನ ಸಮೀಪ, ಬಾಗಿದ ರಬ್ಬರು ಹೋಸಿನಿಂದ ಊದುಬತ್ತಿಯ ಎಳೆಯಂತೆ ಹೊಗೆ ಎದ್ದಿತು. ಶಾಸ್ತ್ರದಲ್ಲಿ ಹೊಗೆ ಬೆಂಕಿಯನ್ನು ಸಾಧಿಸಿತು, ಇಲ್ಲಿ ಬಿರುಕನ್ನು. ಹೋಸನ್ನು ಬದಲಿಸಿದ ಮೇಲೆ 22 ಎಂಬುದು 2ಕ್ಕೆ ಇಳಿಯಿತು. ಮುಂದಿನ ವಾರ ತಾಯಿ ಮಗು ಇಬ್ಬರೂ ಅದೇ ಕಾರಿನಲ್ಲಿ ಘಾಟಿಯನ್ನಿಳಿದರು.

ಹೋಸಿಗೆ 400 ರೂಪಾಯಿ, ಅರ್ಧ ದಿನದ ಪರೀಕ್ಷೆಗೆ 1,500 ರೂಪಾಯಿ ಕೇಳಿದನು. “ಒಂದು ರಬ್ಬರಿಗೆ ಇಷ್ಟೇ?” ಎಂದು ನೆರೆಯವರು ಹುಬ್ಬೇರಿಸಿದರು. ವಸ್ತುವಿಗೆ ಸಾವಿರಗಟ್ಟಲೆ ಎಣಿಸಿಕೊಡುವ ನಾವು ವಿಚಾರಕ್ಕೆ ಕೂಲಿ ಕೊಡಲು ಹಿಂಜರಿಯುತ್ತೇವೆ. ಹಾಗಿರುವತನಕ ವಿಚಾರಮಾಡುವವರು ವಿರಳರಾಗಿ, ವಸ್ತುವನ್ನು ಮಾರುವವರೇ ಹೆಚ್ಚುವರು. ನನ್ನ ತಮ್ಮನ ಮಗನು ಚೌಕಾಸಿ ಮಾಡದೆ 1,900 ರೂಪಾಯಿಗಳನ್ನೂ ಕೊಟ್ಟನು. ಅವನು ಕೊಂಡುದು ರಬ್ಬರನ್ನಲ್ಲ, ನಿಶ್ಚಯವನ್ನು.