ನಲವತ್ತು ನಿಮಿಷಗಳ ಭಾಷೆ

ನಾವು ಮೂವರು ಭಾಷಾ ಶಿಕ್ಷಕರು. ದಕ್ಷಿಣ ಕನ್ನಡದ ಒಂದು ಪ್ರೌಢಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಮತ್ತು ಹಿಂದಿ ಕಲಿಸುತ್ತೇವೆ. ನಮ್ಮ ಹೆಚ್ಚಿನ ಮಕ್ಕಳ ಮನೆಮಾತು ಬ್ಯಾರಿ. ಕೆಲವರದು ತುಳು, ಉರ್ದು. ನಾವು ಕಲಿಸುವ ಮೂರರಲ್ಲಿ ಒಂದೂ ಅವರು ತಾಯಿಯ ಮಡಿಲಲ್ಲಿ ಕೇಳಿದ ಭಾಷೆಯಲ್ಲ.

ಕಳೆದ ವರ್ಷದ ಕೊನೆಗೆ ಮೂವರೂ ಬೇರೆ ಬೇರೆ ದಿನ ಒಂದೇ ಮಾತು ಹೇಳಿಕೊಂಡೆವು: ಇನ್ನು ಸಾಧ್ಯವಿಲ್ಲ. ಭಾನುವಾರ ಸಂಜೆಯಾಗುತ್ತಲೇ ಎದೆ ಭಾರವಾಗುತ್ತಿತ್ತು. ರಜೆ ಬಂದರೂ ದಣಿವು ಇಳಿಯುತ್ತಿರಲಿಲ್ಲ. ಇಂತಹ ಸ್ಥಿತಿಯನ್ನು 1970ರ ದಶಕದಿಂದ ಮನಶ್ಶಾಸ್ತ್ರಜ್ಞರು ಬರ್ನ್‌ಔಟ್ ಎಂದು ಕರೆಯುತ್ತಾ ಬಂದಿದ್ದಾರೆ. ಕ್ರಿಸ್ಟಿನಾ ಮ್ಯಾಸ್ಲಾಕ್ ಅದರ ಮೂರು ಲಕ್ಷಣಗಳನ್ನು ಗುರುತಿಸಿದರು: ಭಾವನೆಗಳು ಬತ್ತುವುದು, ಎದುರಿನವರನ್ನು ಮನುಷ್ಯರಂತೆ ಕಾಣದಿರುವುದು, ಮಾಡಿದ್ದೆಲ್ಲ ವ್ಯರ್ಥವೆನಿಸುವುದು. ಎರಡನೆಯದನ್ನು ಓದಿದಾಗ ನಮ್ಮ ತಲೆ ತಗ್ಗಿತು.

ಲೆಕ್ಕ ಹಾಕಿ ನೋಡಿದೆವು. ತರಗತಿಗೆ 45 ಮಕ್ಕಳಂತೆ ಮೂರು ತರಗತಿ, 135 ಪ್ರಬಂಧ. ಒಂದಕ್ಕೆ ಮೂರೇ ನಿಮಿಷವೆಂದರೂ 405 ನಿಮಿಷ, ಆರು ಮುಕ್ಕಾಲು ಗಂಟೆ. ಗಣಿತದಲ್ಲಿ ಉತ್ತರ ಸರಿ ಇಲ್ಲವೇ ತಪ್ಪು (ಗಣಿತದ ಸಹೋದ್ಯೋಗಿಗಳು ಇದನ್ನು ಒಪ್ಪುವುದಿಲ್ಲ). ಭಾಷೆಯಲ್ಲಾದರೋ, ತಪ್ಪು ವಾಕ್ಯದೊಳಗೂ ಮಗು ಏನು ಹೇಳಹೊರಟಿತ್ತೆಂದು ಹುಡುಕಬೇಕು. ಆ ಹುಡುಕಾಟಕ್ಕೆ ವೇಳಾಪಟ್ಟಿಯಲ್ಲಿ ಜಾಗವಿಲ್ಲ.

ಆದರೆ ನಮ್ಮನ್ನು ಸುಟ್ಟದ್ದು ಗಂಟೆಗಳ ಸಂಖ್ಯೆಯೊಂದೇ ಅಲ್ಲ. ಕಾಲದೊಡನೆ ಮನುಷ್ಯನ ಸಂಬಂಧವನ್ನು ಅಳೆಯಲು ಫಿಲಿಪ್ ಜಿಂಬಾರ್ಡೊ ಮತ್ತು ಜಾನ್ ಬಾಯ್ಡ್ 1999ರಲ್ಲಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಕೆಲವರು ಕಳೆದುದರ ಕಹಿಯಲ್ಲಿ ಬದುಕುತ್ತಾರೆ, ಕೆಲವರು ಬರಲಿರುವುದರ ಚಿಂತೆಯಲ್ಲಿ, ಕೆಲವರು ಎಲ್ಲವೂ ಕೈಮೀರಿದೆಯೆಂಬ ಇಂದಿನಲ್ಲಿ. ನಮ್ಮಲ್ಲಿ ಮೂರೂ ಇದ್ದವು. ಪಾಠ ಮಾಡುವಾಗ ಮನಸ್ಸು ಮುಂದಿನ ಕಿರುಪರೀಕ್ಷೆಯಲ್ಲಿ, ಮನೆಯಲ್ಲಿ ಮಕ್ಕಳಿಗೆ ಊಟ ಬಡಿಸುವಾಗ ತಿದ್ದದ ಪುಸ್ತಕಗಳಲ್ಲಿ, ನಮಾಝಿನಲ್ಲಿ ನಿಂತಾಗಲೂ ಮುಗಿಯದ ಪಾಠಗಳಲ್ಲಿ.

ಎಂಟನೆಯ ತರಗತಿಯ ಒಬ್ಬಳು ಹುಡುಗಿ. ಬ್ಯಾರಿ ಮಾತನಾಡುವ ಮನೆಯವಳು. ಒಂದು ದಿನ ತಾನಾಗಿ ಎದ್ದು ನಿಂತು ಅಜ್ಜಿ ಹೇಳಿದ ಕಥೆಯೊಂದನ್ನು ಕನ್ನಡದಲ್ಲಿ ಆರಂಭಿಸಿದಳು. ನಡುವೆ ಒಂದು ಪದ ಸಿಗದೆ ತಡವರಿಸಿದಳು. ನಮ್ಮಲ್ಲೊಬ್ಬರು ಗೋಡೆಯ ಗಡಿಯಾರ ನೋಡಿ, "ಸಾಕು, ಕೂತ್ಕೋ, ಪಾಠ ಬಾಕಿ ಇದೆ" ಎಂದುಬಿಟ್ಟರು. ಯಾರೆಂಬುದು ಮುಖ್ಯವಲ್ಲ, ಮೂವರೂ ಹೀಗೆ ಮಾಡಿದವರೇ. ಪಾಠ ಆ ದಿನ ಮುಗಿಯಿತು. ಹುಡುಗಿ ವರ್ಷವಿಡೀ ಮತ್ತೆ ಬಾಯಿ ತೆರೆಯಲಿಲ್ಲ.

ಪವಿತ್ರ ಕುರ್‌ಆನ್ ಒಂದೇ ಸಲಕ್ಕೆ ಅವತೀರ್ಣವಾಗಲಿಲ್ಲ. ಸುಮಾರು 23 ವರ್ಷಗಳ ಅವಧಿಯಲ್ಲಿ, ಸಂದರ್ಭ ಸಂದರ್ಭಕ್ಕೆ, ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಜನರು ಕೇಳಿದರು, ಕಂಠಪಾಠ ಮಾಡಿದರು, ಬದುಕಿಗೆ ಇಳಿಸಿಕೊಂಡರು. ಮದ್ರಸದಲ್ಲಿ ನಾವೇ ಎಷ್ಟೋ ಸಲ ಕೇಳಿದ ಸಂಗತಿಯಿದು. ಮಾತು ಮನುಷ್ಯನೊಳಗೆ ಇಳಿಯಲು ಕಾಲ ಬೇಕೆಂಬುದು ಮಾತ್ರ ನಮಗೆ ಹೊಳೆದಿರಲಿಲ್ಲ. ಕಾಲದ ಹೆಸರಿನಲ್ಲೇ ಇರುವ ಸೂರಃ ಅಲ್ ಅಸ್ರ್ ಮೂರೇ ವಚನಗಳದ್ದು. ಕಾಲದ ಮೇಲೆ ಆಣೆಯಿಟ್ಟು ಆರಂಭವಾಗುವ ಅದು ಸಹನೆಯ ಉಪದೇಶದೊಂದಿಗೆ ಮುಗಿಯುತ್ತದೆ. ನಾವು ಅದರಲ್ಲಿ ನಷ್ಟದ ಎಚ್ಚರಿಕೆಯನ್ನಷ್ಟೇ ಕೇಳಿಸಿಕೊಂಡು ಓಟ ಹೆಚ್ಚಿಸಿದ್ದೆವು.

ಈ ಜೂನ್‌ನಿಂದ ಎರಡು ಸಣ್ಣ ಬದಲಾವಣೆ ಮಾಡಿದ್ದೇವೆ. ವಾರಕ್ಕೆ ಒಂದೇ ತರಗತಿಯ ಪ್ರಬಂಧಗಳನ್ನು ತಿದ್ದುತ್ತೇವೆ, ಮನೆಗೆ ಒಯ್ಯುವುದಿಲ್ಲ. ಅವಧಿಯ ಮೊದಲ ಹತ್ತು ನಿಮಿಷ ಮಕ್ಕಳ ಮಾತಿಗೆ ಮೀಸಲು. ಪದ ಸಿಗದಿದ್ದರೆ ಬ್ಯಾರಿಯಲ್ಲೇ ಹೇಳಲಿ, ಎಲ್ಲರೂ ಸೇರಿ ಕನ್ನಡದ ಪದ ಹುಡುಕುತ್ತೇವೆ. ಪಾಠಗಳು ಹಿಂದೆ ಬಿದ್ದಿವೆ, ಮುಖ್ಯೋಪಾಧ್ಯಾಯರು ಎರಡು ಸಲ ಕೇಳಿದ್ದಾರೆ. ಪೂರ್ತಿ ಉತ್ತರ ನಮ್ಮಲ್ಲಿನ್ನೂ ಇಲ್ಲ.

ಆ ಹುಡುಗಿ ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ, ಕಿಟಕಿಯ ಪಕ್ಕದ ಬೆಂಚಿನಲ್ಲಿ. ಅಂದಿನ ತಪ್ಪಿಗೆ ಅವಳ ಕ್ಷಮೆ ಕೇಳಿದೆವು. ನಾಚಿ ನಕ್ಕಳು. ಅಜ್ಜಿಯ ಕಥೆಯ ಉಳಿದ ಭಾಗವನ್ನು ಇನ್ನೂ ಹೇಳಿಲ್ಲ. ಕಾಯುತ್ತಿದ್ದೇವೆ.