ಕ್ರಯವೂ ಪೋಷಣೆಯೂ

ಯಾವ ವಸ್ತುವಿಗೇ ಆಗಲಿ ಎರಡು ಬೆಲೆಗಳುಂಟು. ಕೊಳ್ಳುವ ದಿನ ಕೊಡುವ ಬೆಲೆ ಒಂದು. ಇಟ್ಟುಕೊಂಡಿರುವಷ್ಟು ಕಾಲವೂ ಕೊಡುತ್ತಲೇ ಇರಬೇಕಾದ ಬೆಲೆ ಇನ್ನೊಂದು. ಮೊದಲನೆಯದಕ್ಕಾಗಿ ಗಂಟೆಗಟ್ಟಲೆ ಚೌಕಾಶಿ ಮಾಡುವ ಮನುಷ್ಯನು ಎರಡನೆಯದನ್ನು ವಿಚಾರಿಸುವುದೇ ವಿರಳ. ಪಾಶ್ಚಾತ್ಯ ದೇಶಗಳಲ್ಲಿ ಕೈಬದಲಾಗುವ ಹಳೆಯ ಸ್ಪೋರ್ಟ್ಸ್ ಕಾರುಗಳ ವ್ಯಾಪಾರವನ್ನು ನೋಡಿದರೆ ಈ ಮಾತು ಚೆನ್ನಾಗಿ ಮನದಟ್ಟಾಗುತ್ತದೆ.

ಇಟಲಿಯ ಮರನೆಲ್ಲೊ ಪಟ್ಟಣದ ಫೆರಾರಿ ಕಾರ್ಖಾನೆಯಲ್ಲಿ 1994ರಿಂದ 1999ರವರೆಗೆ ಎಫ್ 355 ಎಂಬ ಕಾರು ತಯಾರಾಯಿತು. ಮೂರೂವರೆ ಲೀಟರಿನ ಎಂಟು ಸಿಲಿಂಡರುಗಳ ಎಂಜಿನ್, ಒಂದೊಂದು ಸಿಲಿಂಡರಿಗೆ ಐದು ವಾಲ್ವುಗಳು. ಹೆಸರಿನಲ್ಲಿರುವ ಅಂಕಿಗಳ ಅರ್ಥವೂ ಇದೇ. ರೂಪದಲ್ಲಿಯೂ ನಾದದಲ್ಲಿಯೂ ಇದಕ್ಕೆ ಸಮನಾದವು ಕೆಲವೇ ಎಂದು ಬಲ್ಲವರು ಹೇಳುತ್ತಾರೆ. ಹೊಸತಿದ್ದಾಗ ಧನಿಕರಿಗಷ್ಟೇ ಎಟುಕುತ್ತಿದ್ದ ಈ ಕಾರು ಹತ್ತು ವರ್ಷ ಕಳೆಯುವಷ್ಟರಲ್ಲಿ ಸವಕಳಿಯಿಂದಾಗಿ ಮಧ್ಯಮ ಆದಾಯದ ಗೃಹಸ್ಥನ ಕೈಗೂ ನಿಲುಕುವ ಬೆಲೆಗೆ ಇಳಿದಿತ್ತು. ಬಾಲ್ಯದಿಂದ ಗೋಡೆಯ ಮೇಲೆ ಇದರ ಚಿತ್ರವನ್ನು ಅಂಟಿಸಿಕೊಂಡಿದ್ದ ಎಷ್ಟೋ ಮಂದಿ ಸಾಲ ಮಾಡಿಯಾದರೂ ಕೊಂಡರು.

ಅವರು ಮರೆತದ್ದು ಒಂದೇ ಅಂಶ. ಕಾರಿನ ಬೆಲೆ ಇಳಿದಿತ್ತೇ ಹೊರತು ಅದರ ಬಿಡಿಭಾಗಗಳ ಬೆಲೆಯಾಗಲಿ, ನುರಿತ ಮೆಕ್ಯಾನಿಕನ ಕೂಲಿಯಾಗಲಿ ಇಳಿದಿರಲಿಲ್ಲ.

ಇದರ ಎಂಜಿನ್ ಆಸನಗಳ ಹಿಂಭಾಗದಲ್ಲಿದೆ. ವಾಲ್ವುಗಳನ್ನು ಸಕಾಲದಲ್ಲಿ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟುಗಳು ಎಂಜಿನ್ನಿಗೂ ಆಸನಗಳ ಹಿಂದಿನ ಗೋಡೆಗೂ ನಡುವೆ ಸಿಕ್ಕಿಕೊಂಡಿವೆ. ಅವನ್ನು ಬದಲಾಯಿಸಬೇಕಾದರೆ ಇಡೀ ಎಂಜಿನ್ನನ್ನೇ ಕೆಳಗಿಳಿಸಬೇಕು. ಈ ಕೆಲಸವನ್ನು ಸಾಮಾನ್ಯವಾಗಿ ಮೂರರಿಂದ ಐದು ವರ್ಷಗಳಿಗೊಮ್ಮೆ ಮಾಡಿಸುವುದು ರೂಢಿ. ಒಂದೊಂದು ಸಲಕ್ಕೂ ಹಲವು ಸಾವಿರ ಪೌಂಡು ಅಥವಾ ಡಾಲರುಗಳ ವೆಚ್ಚ. ಕಾರು ಓಡಲಿಲ್ಲವೆಂದು ರಬ್ಬರಿಗೆ ವಯಸ್ಸಾಗದೆ ಇರುವುದಿಲ್ಲ. ಬೆಲ್ಟು ತುಂಡಾದರೆ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ಇದಲ್ಲದೆ ಎಕ್ಸಾಸ್ಟ್ ಮ್ಯಾನಿಫೋಲ್ಡುಗಳು ಬಿರುಕು ಬಿಡುತ್ತವೆ. ಮೊದಲ ವರ್ಷಗಳ ಕಾರುಗಳಲ್ಲಿ ವಾಲ್ವ್ ಗೈಡುಗಳು ಬೇಗ ಸವೆಯುತ್ತವೆ. ಡ್ಯಾಶ್‌ಬೋರ್ಡಿನ ಚರ್ಮ ಬಿಸಿಲಿಗೆ ಕುಗ್ಗುತ್ತದೆ. ಗುಂಡಿಗಳ ಮೇಲಿನ ಲೇಪ ಕರಗಿ ಬೆರಳಿಗೆ ಅಂಟುತ್ತದೆ. ಈ ತೊಡಕನ್ನು ಕಾರ್ಖಾನೆಯವರೂ ಅರಿಯದೆ ಇರಲಿಲ್ಲ. 1999ರಲ್ಲಿ ಬಂದ 360 ಮೊಡೆನಾದಲ್ಲಿ ಎಂಜಿನ್ ಇಳಿಸದೆಯೇ ಬೆಲ್ಟು ಬದಲಾಯಿಸುವ ಅನುಕೂಲ ಮಾಡಿದರು; 2004ರ ಎಫ್ 430ರಲ್ಲಿ ಬೆಲ್ಟಿನ ಬದಲು ಚೈನನ್ನೇ ಅಳವಡಿಸಿದರು.

ಬೆಲೆ ಇಳಿದಿದ್ದ ಕಾಲದಲ್ಲಿ ಅನೇಕ ಕಾರುಗಳಿಗೆ ಈ ಪೋಷಣೆ ತಪ್ಪಿತು. 2010ರ ದಶಕದ ನಡುವಿನಿಂದ ಬೆಲೆಗಳು ಮತ್ತೆ ಏರಿದಾಗ ಇನ್ನೊಂದು ಬಗೆಯ ವಿಪರ್ಯಾಸ ಕಂಡಿತು. ಕಡಿಮೆ ಓಡಿದ ಕಾರಿಗೆ ಹೆಚ್ಚು ಬೆಲೆ. ಆದ್ದರಿಂದ ಮಾಲೀಕನು ಅದನ್ನು ಓಡಿಸಲು ಅಂಜತೊಡಗಿದನು. ಓಡಿಸುವ ಸಂತೋಷಕ್ಕೆಂದು ಕೊಂಡ ವಸ್ತುವಿಗೆ ಹೊದಿಕೆ ಹೊದಿಸಿ, ಬ್ಯಾಟರಿ ಇಳಿಯದಂತೆ ಚಾರ್ಜಿಗೆ ಹಚ್ಚಿ, ವಿಮೆ ಕಟ್ಟಿ, ಕಾವಲುಗಾರನಂತೆ ಬಾಳುವ ಸ್ಥಿತಿ ಒದಗಿತು.

ಇಷ್ಟೇ ಆಗಿದ್ದರೆ ಇದು ಕೇವಲ ಲಾಭನಷ್ಟದ ವಿಷಯವಾಗುತ್ತಿತ್ತು. ನೀತಿಯ ಪ್ರಶ್ನೆ ಏಳುವುದು ಮಾರುವ ಹೊತ್ತಿನಲ್ಲಿ. ಬೆಲ್ಟಿನ ಗಡುವು ಸಮೀಪಿಸಿದೆ, ಎಂಜಿನ್ ಹೊಗೆ ಕಾರುತ್ತಿದೆ, ಕೈಯಲ್ಲಿ ಹಣವಿಲ್ಲ. ಆಗ ಮಾಲೀಕನ ಮನಸ್ಸು, ಹೊರಮೈಗೆ ಹೊಳಪು ಕೊಟ್ಟು ಈ ಹೊರೆಯನ್ನು ಇನ್ನೊಬ್ಬರ ತಲೆಗೆ ದಾಟಿಸಿಬಿಡೋಣ ಎನ್ನುತ್ತದೆ. ಓಡಿದ ದೂರವನ್ನು ತೋರಿಸುವ ಮೀಟರಿನ ಸಂಪರ್ಕ ಕಿತ್ತು ಓಡಿಸಿದವರೂ ಉಂಟು. ಕೊಳ್ಳಲು ಬರುವವನೋ ಬಹಳ ವರ್ಷ ಉಳಿತಾಯ ಮಾಡಿದ ಒಬ್ಬ ಗೃಹಸ್ಥ. ಮೊದಲ ರಿಪೇರಿಯ ಬಿಲ್ಲೇ ಅವನ ಮಕ್ಕಳ ಹಣವನ್ನು ನುಂಗಬಹುದು.

ಇಂಗ್ಲೆಂಡಿನಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯಿದೆಯಂತೆ ವ್ಯಾಪಾರಿಯು ಮಾರಿದ ಕಾರು ತೃಪ್ತಿಕರ ಗುಣಮಟ್ಟದ್ದಾಗಿಲ್ಲದಿದ್ದರೆ 30 ದಿನಗಳೊಳಗೆ ಹಿಂದಿರುಗಿಸಬಹುದು. ಆದರೆ ಖಾಸಗಿ ವ್ಯಕ್ತಿಯಿಂದ ಕೊಂಡವನಿಗೆ ಈ ರಕ್ಷಣೆಯಿಲ್ಲ. ಮಾರುವವನು ಸುಳ್ಳು ಹೇಳಬಾರದು ಅಷ್ಟೆ, ಕೇಳದಿದ್ದುದನ್ನು ತಾನಾಗಿ ಹೇಳಬೇಕೆಂದಿಲ್ಲ. ಸುಳ್ಳಿಗೂ ಮೌನಕ್ಕೂ ನಡುವಿನ ಈ ಅಂತರವನ್ನು ಕಾನೂನು ಒಪ್ಪಬಹುದು; ಸದ್ವ್ಯಾಪಾರಿಯು ಒಪ್ಪಲಾರನು. ತೂಕದಲ್ಲಿ ಮೋಸ ಮಾಡದವನು ಸರಕಿನ ದೋಷವನ್ನು ಮುಚ್ಚಿಟ್ಟರೆ ಅವನ ತಕ್ಕಡಿ ನೇರವಾಗಿದ್ದು ಪ್ರಯೋಜನವೇನು?

ಈ ಕ್ಷೇತ್ರದಲ್ಲಿ ಸಜ್ಜನರಿಗೂ ಕೊರತೆಯಿಲ್ಲ. ಪ್ರತಿಯೊಂದು ರಿಪೇರಿಯ ರಸೀದಿಯನ್ನು ದಿನಾಂಕಸಹಿತ ಕಡತದಲ್ಲಿಟ್ಟು, ಮುಂದೆ ಬರಲಿರುವ ಖರ್ಚನ್ನೂ ತಾವಾಗಿಯೇ ತಿಳಿಸಿ ಮಾರುವವರಿದ್ದಾರೆ. ಅಂಥ ಕಾರಿಗೆ ಹೆಚ್ಚು ಹಣ ಕೊಟ್ಟು ಕೊಳ್ಳುವುದೇ ಜಾಣತನವೆಂದು ಅನುಭವಿಗಳು ಹೇಳುತ್ತಾರೆ. ಕೊಳ್ಳುವ ಮೊದಲು ತನಗೆ ಬೇಕಾದ ಪರಿಣತನಿಂದ ಸಿಲಿಂಡರುಗಳ ಒತ್ತಡವನ್ನು ಪರೀಕ್ಷಿಸಿಕೊಳ್ಳುವುದೂ ಅಗತ್ಯ.

ಮೂರು ವರ್ಷಕ್ಕಿಂತ ಹಳೆಯ ಕಾರುಗಳ ಆಮದಿಗೆ ಭಾರತದಲ್ಲಿ ಸಾಮಾನ್ಯವಾಗಿ ಅವಕಾಶವಿಲ್ಲದಿರುವುದರಿಂದ ಎಫ್ 355ರ ಆಸೆ ನಮ್ಮ ಮನೆಗಳನ್ನು ಕಾಡಲಾರದು. ಆದರೆ ಹಳೆಯ ಜರ್ಮನ್ ಐಷಾರಾಮಿ ಕಾರುಗಳು ಹೊಸ ಸಾಧಾರಣ ಕಾರಿನ ಬೆಲೆಗೇ ಇಂದು ನಮ್ಮ ನಗರಗಳಲ್ಲಿಯೂ ಸಿಗುತ್ತವೆ. ಮದುವೆಯ ಸಂದರ್ಭದಲ್ಲಿಯೋ ಅಂಗಡಿಯ ಘನತೆಗಾಗಿಯೋ ಅವನ್ನು ಕೊಳ್ಳಲು ಹೊರಟ ಯುವಕರಿಗೆ ಮನೆಯ ಹಿರಿಯರು ಒಂದು ಮಾತು ಹೇಳಬಹುದು: ಐದು ವರ್ಷಗಳ ಪೋಷಣೆಯ ವೆಚ್ಚವನ್ನು ಮೊದಲೇ ಬರೆದು, ಕ್ರಯಕ್ಕೆ ಕೂಡಿಸಿ, ಆ ಮೊತ್ತ ಸಾಲವಿಲ್ಲದೆ ಕೈಯಲ್ಲಿದ್ದರೆ ಮಾತ್ರ ಮುಂಗಡ ಕೊಡಿ, ಮುಂದೊಂದು ದಿನ ಮಾರುವಾಗ ಆ ಲೆಕ್ಕದ ಹಾಳೆಯನ್ನು ಕೊಳ್ಳುವವನಿಗೂ ತೋರಿಸಿ.