ಚಕ್ಕೆ, ಲವಂಗ ಮತ್ತು ಜಾರ್ಜ್ ಡ್ಯೂಕ್

1979ರಲ್ಲಿ 'ಎ ಬ್ರೆಜಿಲಿಯನ್ ಲವ್ ಅಫೇರ್' ಆಲ್ಬಮ್ಮಿಗಾಗಿ ರಿಯೋ ಡಿ ಜನೈರೋಗೆ ಹೋದಾಗ ಜಾರ್ಜ್ ಡ್ಯೂಕ್‌ಗೆ ಹೆಸರೂ ಇತ್ತು, ಮಾರುಕಟ್ಟೆಯೂ ಇತ್ತು. ಕ್ಯಾನನ್‌ಬಾಲ್ ಆಡರ್ಲಿಯ ಜಾಝ್ ತಂಡದಲ್ಲಿ, ಫ್ರಾಂಕ್ ಝಪ್ಪಾನ ಹುಚ್ಚಾಟದ ರಾಕ್‌ನಲ್ಲಿ ಕೀಬೋರ್ಡ್ ನುಡಿಸಿ ಪಳಗಿದ ಕೈ. ಆಮೇಲೆ 'ರೀಚ್ ಫಾರ್ ಇಟ್', 'ಡ್ಯೂಕಿ ಸ್ಟಿಕ್' ಎಂಬ ಫಂಕ್ ಹಾಡುಗಳು ಜನರನ್ನು ಕುಣಿಸಿದ್ದವು. ಅಂಥದ್ದನ್ನೇ ಇನ್ನೊಂದಿಷ್ಟು ಮಾಡಿಕೊಂಡಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ.

ಬ್ರೆಜಿಲ್ ಸಂಗೀತದ ಮೇಲೆ ಅಮೆರಿಕದ ಜಾಝ್‌ನವರಿಗೆ 1960ರ ದಶಕದಿಂದಲೂ ಕಣ್ಣಿತ್ತು. ಬೊಸ್ಸಾ ನೋವಾವನ್ನು ಒಂದು ಚಿಟಿಕೆ ಉದುರಿಸಿ ರೆಕಾರ್ಡು ಮಾರಿದವರೂ ಇದ್ದರು. ಡ್ಯೂಕ್ ಮೇಲೂ ಅದೇ ಅನುಮಾನ ಪಡಬಹುದಿತ್ತು. ಆದರೆ ಇವರ ನಂಟು ಹಳೆಯದು. ಫ್ಲೋರಾ ಪುರಿಮ್‌ರ 'ಬಟರ್‌ಫ್ಲೈ ಡ್ರೀಮ್ಸ್'ಗೆ ಕೀಬೋರ್ಡ್ ನುಡಿಸಿದವರು ಇವರೇ. ಟ್ರೊಂಬೋನ್ ವಾದಕ ರಾವುಲ್ ಡಿ ಸೋಜಾರ 'ಸ್ವೀಟ್ ಲೂಸಿ'ಯನ್ನು ನಿರ್ಮಿಸಿದವರೂ ಇವರೇ. ಫ್ಲೋರಾ ಮತ್ತು ಅವರ ಗಂಡ, ತಾಳವಾದ್ಯದ ಐರ್ಟೋ ಮೊರೇರಾ, ಸೇನಾ ಆಡಳಿತದ ಬ್ರೆಜಿಲ್ ಬಿಟ್ಟು 1960ರ ದಶಕದ ಕೊನೆಯಲ್ಲಿ ಅಮೆರಿಕ ಸೇರಿದ್ದರು. ಈ ಆಲ್ಬಮ್ಮಿನಲ್ಲಿ ಅವರೂ ಇದ್ದಾರೆ. ಹಾಗಾಗಿ ಇದರಲ್ಲಿ ಅತಿಥಿ ಯಾರು, ಮನೆಯವರು ಯಾರು ಎಂದು ಹೇಳುವುದು ಕಷ್ಟ.

ಫಂಕ್‌ನಲ್ಲಿ ತೂಕವೆಲ್ಲ ಮೊದಲ ಪೆಟ್ಟಿನ ಮೇಲೆ. ಸಾಂಬಾದಲ್ಲಿ ಸುರ್ದು ಎಂಬ ದೊಡ್ಡ ಡೋಲು ಎರಡನೇ ಪೆಟ್ಟಿಗೆ ಒತ್ತು ಕೊಡುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದರೆ ಒಂದು ಇನ್ನೊಂದರ ಕಾಲು ತುಳಿಯಬೇಕು. ಶೀರ್ಷಿಕೆ ಗೀತೆಯಲ್ಲಿ ಹಾಗಾಗುವುದಿಲ್ಲ. ಬೈರನ್ ಮಿಲ್ಲರ್‌ರ ಬಾಸ್, ರಿಕ್ಕಿ ಲಾಸನ್‌ರ ಡ್ರಮ್ಸ್ ನೆಲ ಹಿಡಿದು ನಿಂತರೆ ತಾಳವಾದ್ಯಗಳು ಅದರ ಸಂದುಗಳಲ್ಲಿ ನುಸುಳಿ ಓಡಾಡುತ್ತವೆ. ಮೇಲೆ ಡ್ಯೂಕ್‌ರ ಕೀಚಲು ಎನ್ನಿಸುವಷ್ಟು ಎತ್ತರದ ದನಿ. 'ಐ ನೀಡ್ ಯು ನೌ' ಮಾತ್ರ ಲಾಸ್ ಏಂಜಲೀಸ್‌ನ ಯಾವ ರೆಕಾರ್ಡಿನಲ್ಲಾದರೂ ಸಿಗಬಹುದಾದ ಸಿಹಿ. ಅದಕ್ಕಾಗಿ ರಿಯೋವರೆಗೆ ಹೋಗಬೇಕಿರಲಿಲ್ಲ.

ಇನ್ನೊಂದು ತುಣುಕಿನ ಹೆಸರಿನ ಅರ್ಥ, 'ಅದು ಕಡಲಿನಿಂದ ಎದ್ದು ಬಂದು ರಿಯೋವನ್ನು ಒಂದೇ ತುತ್ತಿಗೆ ನುಂಗಿತು'. ಝಪ್ಪಾನ ಸಹವಾಸದ ತಮಾಷೆ ಇರಬೇಕು. ಊರಿಗೆ ಬಂದು ಊರನ್ನೇ ನುಂಗುವ ಅತಿಥಿಗಳು ಸಂಗೀತದಲ್ಲಿ ಇದ್ದೇ ಇದ್ದಾರೆ.

ಡ್ಯೂಕ್ ಅಂಥವರಲ್ಲ ಎಂಬುದಕ್ಕೆ ಸಾಕ್ಷಿ ಮಿಲ್ಟನ್ ನಾಸಿಮೆಂಟೋರ ಎರಡು ಹಾಡುಗಳು. 1973ರಲ್ಲಿ 'ಮಿಲಾಗ್ರೆ ದೋಸ್ ಪೇಶೆಸ್' ಆಲ್ಬಮ್ಮಿನ ಕೆಲವು ಹಾಡುಗಳ ಸಾಹಿತ್ಯಕ್ಕೆ ಸೆನ್ಸಾರ್ ಕತ್ತರಿ ಹಾಕಿದಾಗ, ಮಿಲ್ಟನ್ ಮಾತಿಲ್ಲದೆ ಬರೀ ದನಿಯಲ್ಲೇ ಅವನ್ನು ಹಾಡಿದ್ದರು. ಡ್ಯೂಕ್ ಆರಿಸಿಕೊಂಡ ಎರಡೂ ಅದಕ್ಕೆ ಒಂದು ವರ್ಷ ಮೊದಲಿನ 'ಕ್ಲೂಬೆ ದ ಎಸ್ಕಿನಾ'ದವು. 'ಕ್ರಾವೋ ಇ ಕನೇಲಾ' ಎಂದರೆ ಲವಂಗ, ಚಕ್ಕೆ. ಪಲಾವಿನ ಒಗ್ಗರಣೆಗೆ ಬೀಳುವ ಅದೇ ಚಕ್ಕೆ ಲವಂಗ. ಹಾಡಲು ಮಿಲ್ಟನ್‌ರೇ ಬಂದರು. ಆ ಮೂಲ ಆಲ್ಬಮ್ಮಿನಲ್ಲಿದ್ದ ಗಿಟಾರ್ ವಾದಕ ಟೊನಿನ್ಯೊ ಓರ್ಟಾ ಇಲ್ಲಿಯೂ ಇದ್ದಾರೆ.

ಇನ್ನೊಂದು ಹಾಡು 'ಅವೋ ಕೆ ವಾಯ್ ನಾಸೆರ್', ಹುಟ್ಟಲಿರುವುದಕ್ಕೆ ಎಂದು ಅರ್ಥ. ಮಿಲ್ಟನ್ ತಮ್ಮ ಆಲ್ಬಮ್ ಮುಗಿಸಿದ್ದು ಅದರಿಂದಲೇ. ಡ್ಯೂಕ್ ತಮ್ಮದನ್ನೂ ಅದರಿಂದಲೇ ಮುಗಿಸುತ್ತಾರೆ. ರೆಕಾರ್ಡಿನ ಮುಖಪುಟದಲ್ಲಿ ಹೆಸರು ಅವರದು, ಕೊನೆಯ ಹಾಡು ಮಿಲ್ಟನ್‌ರದು.